ಮಿಶ್ರಾಹಾರದ ಮನೆಯ ಅಡುಗೆ: ಪೂರ್ವಪಕ್ಷ ಮತ್ತು ಉತ್ತರಪಕ್ಷ

ಸಸ್ಯಾಹಾರಿಗಳೂ ಮಾಂಸಾಹಾರಿಗಳೂ ಒಂದೇ ಅಡುಗೆಮನೆಯಿಂದ ಉಣ್ಣುವ ಕುಟುಂಬವನ್ನು ಈ ಬರಹದಲ್ಲಿ ಮಿಶ್ರಾಹಾರದ ಮನೆ ಎಂದು ಕರೆಯಲಾಗಿದೆ. ಅಂತರ್ಜಾತಿ ವಿವಾಹದಿಂದಲೋ, ಮನೆಯ ಹಿರಿಯರು ದೀಕ್ಷೆ ಪಡೆದದ್ದರಿಂದಲೋ, ವೈದ್ಯರ ಮಾತಿನಿಂದಲೋ, ಕಾಲೇಜು ಓದುವ ಮಗಳು ಪ್ರಾಣಿಹಿಂಸೆ ಸಲ್ಲದೆಂದು ತೀರ್ಮಾನಿಸಿದ್ದರಿಂದಲೋ ಇಂತಹ ಮನೆಗಳು ರೂಪುಗೊಳ್ಳುತ್ತವೆ. ಕರ್ನಾಟಕದ ಊರುಗಳಲ್ಲಿ ಇವು ಅಪರೂಪವೇನಲ್ಲ. ಇಂತಹ ಮನೆಯ ನಿತ್ಯದ ಊಟವನ್ನು ಯೋಜಿಸುವ ಬಗೆಯನ್ನು ಶಾಸ್ತ್ರಗ್ರಂಥಗಳ ವಾದಕ್ರಮದಲ್ಲಿ ಇಬ್ಬರ ಸಂವಾದವಾಗಿ ಇಲ್ಲಿ ನಿರೂಪಿಸಿದೆ. ಆಕ್ಷೇಪ ಎತ್ತುವವರು ಪೂರ್ವಪಕ್ಷ, ಸಮಾಧಾನ ಹೇಳುವವರು ಉತ್ತರಪಕ್ಷ. ಆದರೆ ಶಾಸ್ತ್ರಗ್ರಂಥಗಳಲ್ಲಿ ಆಗುವಂತೆ ಪೂರ್ವಪಕ್ಷವು ಪ್ರತಿ ಸಲವೂ ಸೋಲಲೇಬೇಕೆಂಬ ಕಟ್ಟಳೆ ಇಲ್ಲಿಲ್ಲ.

ಪೂರ್ವಪಕ್ಷ: ಇದರಲ್ಲಿ ಯೋಜಿಸುವಂಥದ್ದು ಏನಿದೆ ಎಂಬುದೇ ಮೊದಲ ಸಂದೇಹ. ಅನುಕೂಲವಿದ್ದ ಮನೆಯಲ್ಲಿ ಎರಡು ಅಡುಗೆ ಮಾಡಿದರಾಯಿತು. ಇಲ್ಲದ ಮನೆಯಲ್ಲಿ ಎಲ್ಲರೂ ಸಸ್ಯಾಹಾರವನ್ನೇ ಉಂಡು, ಮಾಂಸ ಬೇಕಾದವರು ಹೊರಗೆ ಮಿಲಿಟರಿ ಹೋಟೆಲಿಗೆ ಹೋಗಿ ಬಂದರಾಯಿತು. ಬಹುಪಾಲು ಮನೆಗಳಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವೇ?

ಉತ್ತರಪಕ್ಷ: ನಡೆಯುತ್ತಿರುವುದು ನಿಜ, ಆದರೆ ಎರಡೂ ದಾರಿಗಳಲ್ಲಿ ಯಾರೋ ಒಬ್ಬರು ಅದರ ಬೆಲೆ ತೆರುತ್ತಿರುತ್ತಾರೆ. ಎರಡು ಅಡುಗೆ ಎಂದರೆ ಎರಡು ಬಾರಿ ಹೆಚ್ಚುವುದು, ಎರಡು ಬಾರಿ ರುಬ್ಬುವುದು, ಎರಡರಷ್ಟು ಪಾತ್ರೆ. ಈ ಹೆಚ್ಚುವರಿ ದುಡಿಮೆ ಬೀಳುವುದು ಸಾಮಾನ್ಯವಾಗಿ ಮನೆಯ ಒಬ್ಬ ಹೆಂಗಸಿನ ಮೇಲೆ. ಎಲ್ಲರೂ ಸಸ್ಯಾಹಾರವೆಂದರೆ ಮಾಂಸ ತಿನ್ನುವವರು ಸ್ವಂತ ಮನೆಯಲ್ಲೇ ಅಪರಾಧಿಗಳಂತೆ ಬದುಕಬೇಕಾಗುತ್ತದೆ. ಇವೆರಡರ ನಡುವೆ ಮೂರನೆಯ ಕ್ರಮವೊಂದಿದೆ, ಅದನ್ನು ಕವಲಡುಗೆ ಎನ್ನಬಹುದು: ಒಂದೇ ಮಸಾಲೆ, ಒಂದೇ ಮುಖ್ಯ ಧಾನ್ಯ, ಒಂದೇ ಪಲ್ಯ ಕೋಸಂಬರಿಗಳಿಂದ ಹೊರಟ ಅಡುಗೆಯು ಒಂದು ನಿಶ್ಚಿತ ಹಂತದಲ್ಲಿ ಎರಡು ಪಾತ್ರೆಗಳಾಗಿ ಒಡೆಯುತ್ತದೆ, ಆ ಹಂತ ಎಷ್ಟು ತಡವಾಗಿ ಬರುತ್ತದೆಯೋ ಅಡುಗೆಯವರ ಶ್ರಮ ಅಷ್ಟು ಕಡಿಮೆ.

ಪೂರ್ವಪಕ್ಷ: ಇದು ಕೇಳಲು ಚೆನ್ನಾಗಿದೆ. ಆದರೆ ಮಾಂಸದ ಸಾರಿನ ಮಸಾಲೆಯೇ ಬೇರೆ, ತರಕಾರಿ ಹುಳಿಯ ಪುಡಿಯೇ ಬೇರೆ. ಅವೆರಡೂ ಒಂದು ಮೂಲದಿಂದ ಹೊರಡುವುದಾದರೂ ಹೇಗೆ?

ಉತ್ತರಪಕ್ಷ: ಹುಳಿಯಿಂದ ಹೊರಟರೆ ಸಾಧ್ಯವಿಲ್ಲ, ಆದ್ದರಿಂದ ಹುಳಿಯಿಂದ ಹೊರಡಬಾರದು. ಹಳೇ ಮೈಸೂರು ಸೀಮೆಯ ಅಡುಗೆಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಕೊತ್ತಂಬರಿಸೊಪ್ಪು, ತೆಂಗಿನಕಾಯಿ, ಧನಿಯ, ಮೆಣಸಿನಕಾಯಿ ಸೇರಿಸಿ ರುಬ್ಬಿದ ಖಾರದಲ್ಲಿ ಬಾಡಿನ ಸಾರು ಆಗುವಂತೆಯೇ, ಅವರೆಯ ಕಾಲದಲ್ಲಿ ಹಿತಕಿದ ಬೇಳೆಯ ಸಾರೂ ಆಗುತ್ತದೆ. ಅವರೆಕಾಳನ್ನು ನೆನೆಸಿ, ಸಿಪ್ಪೆಯಿಂದ ಹಿತುಕಿ ತೆಗೆದ ಬೇಳೆಗೆ ಹಿತಕಿದ ಬೇಳೆ ಎನ್ನುತ್ತಾರೆ. ಅದು ಮಸಾಲೆಯನ್ನು ಹೀರಿಕೊಂಡು ತುಂಬು ರುಚಿಯ ಸಾರಾಗುವುದರಿಂದ ಮಾಂಸದ ಸಾರಿನ ಪಕ್ಕದಲ್ಲಿ ಕುಳಿತರೂ ಬಡವಾಗಿ ಕಾಣುವುದಿಲ್ಲ. ಖಾರವನ್ನು ಒಮ್ಮೆಗೇ ರುಬ್ಬಿ ಎರಡು ಪಾಲು ಮಾಡಿ, ಒಂದು ಪಾಲನ್ನು ಬೇಳೆ ಮತ್ತು ಆಲೂಗಡ್ಡೆ ಇರುವ ಪಾತ್ರೆಗೆ, ಇನ್ನೊಂದನ್ನು ಅರಿಸಿನ ಉಪ್ಪು ಹಾಕಿ ಕುಕ್ಕರಿನಲ್ಲಿ ಮೊದಲೇ ಬೇಯಿಸಿಟ್ಟ ಮಾಂಸಕ್ಕೆ ಸೇರಿಸಿದರೆ ಕವಲು ಪೂರ್ಣವಾಯಿತು. ಮುದ್ದೆಯೂ ಅನ್ನವೂ ಎಲ್ಲರಿಗೂ ಒಂದೇ. ಅವರೆ ಸಿಗದ ತಿಂಗಳುಗಳಲ್ಲಿ ಮೊಳಕೆ ಬಂದ ಹುರುಳಿಕಾಳು, ಅಣಬೆ, ಎಳೆಯ ಹಲಸಿನಕಾಯಿಗಳು ಅದೇ ಖಾರದಲ್ಲಿ ಚೆನ್ನಾಗಿ ನಿಲ್ಲುತ್ತವೆ. ಸೋರೆಕಾಯಿ, ಸೀಮೆಬದನೆಗಳು ನಿಲ್ಲುವುದಿಲ್ಲ, ನೀರೊಡೆಯುತ್ತವೆ.

ಪೂರ್ವಪಕ್ಷ: ಕರಾವಳಿಯ ಮನೆಗೂ ಉತ್ತರ ಕರ್ನಾಟಕದ ಮನೆಗೂ ಇದು ಹೊಂದುವುದೇ?

ಉತ್ತರಪಕ್ಷ: ಕರಾವಳಿಯಲ್ಲಿ ಗಸಿ ಎಂಬ ಗಟ್ಟಿ ಸಾರು ಇದೇ ಕೆಲಸ ಮಾಡುತ್ತದೆ. ಹುರಿದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಂತ್ಯಗಳನ್ನು ತೆಂಗಿನಕಾಯಿಯೊಡನೆ ಅರೆದ ಮಸಾಲೆಯಲ್ಲಿ ಕೋಳಿ ಗಸಿಯೂ ಕಡಲೆ ಗಸಿಯೂ ಆಗುತ್ತವೆ, ನೀರುದೋಸೆ ಎರಡಕ್ಕೂ ಜೊತೆಯಾಗುತ್ತದೆ. ಮೀನಿನ ಲೆಕ್ಕ ಬೇರೆ: ಅದು ಕೆಲವೇ ನಿಮಿಷಗಳಲ್ಲಿ ಬೇಯುವುದರಿಂದ, ಸಸ್ಯಾಹಾರದ ಅಡುಗೆಯೆಲ್ಲ ಮುಗಿದು ಮುಚ್ಚಳ ಬಿದ್ದ ಮೇಲೆ ಕೊನೆಯಲ್ಲಿ ಒಲೆಗೇರಿಸುವುದು ವಾಸನೆಗೂ ಹಿತ, ಮೀನಿಗೂ ಹಿತ. ಉತ್ತರ ಕರ್ನಾಟಕದ ತಟ್ಟೆಯಂತೂ ಮಿಶ್ರಾಹಾರದ ಮನೆಗೆಂದೇ ರೂಪಿಸಿದಂತಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಳಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇವೆಲ್ಲ ಬಿಡಿಬಿಡಿಯಾಗಿ ಕೂರುವುದರಿಂದ, ಅವುಗಳ ನಡುವೆ ಕೋಳಿಯ ಒಂದು ಬಟ್ಟಲು ಬಂದರೂ ಬಾರದಿದ್ದರೂ ಊಟದ ಕಟ್ಟಡ ಅಲುಗುವುದಿಲ್ಲ. ಕೊಡಗಿನಲ್ಲಿ ಕಡಂಬುಟ್ಟು ಎಂಬ ಅಕ್ಕಿಯ ಉಂಡೆಯ ಜೊತೆ ಪಂದಿಕರಿ, ಅಂದರೆ ಹಂದಿಮಾಂಸದ ಕರಿಯೇ ಮುಖ್ಯವೆಂಬ ಮಾತಿದ್ದರೂ, ಮಳೆಗಾಲದ ಕಳಲೆಯ ಕರಿ, ಅಣಬೆಯ ಕರಿಗಳು ಅದೇ ಕಡಂಬುಟ್ಟಿಗೆ ಸರಿಸಮನಾಗಿ ಒಗ್ಗುತ್ತವೆ.

ಪೂರ್ವಪಕ್ಷ: ಬಿರಿಯಾನಿಯ ಬಗ್ಗೆ ತಾವು ಏನೂ ಹೇಳಲಿಲ್ಲ.

ಉತ್ತರಪಕ್ಷ: ಹೇಳುವುದು ಕಷ್ಟವಾದ್ದರಿಂದ. ಮಾಂಸದ ರಸವನ್ನು ಅಕ್ಕಿ ಹೀರಿಕೊಳ್ಳುವುದೇ ಬಿರಿಯಾನಿಯ ಜೀವ, ಆದ್ದರಿಂದ ಅದರಲ್ಲಿ ಕವಲಿಗೆ ಜಾಗವೇ ಇಲ್ಲ. ತುಂಡುಗಳನ್ನು ಬದಿಗೆ ಸರಿಸಿ ಅನ್ನವನ್ನು ಬಡಿಸಿದರೆ ಅದು ಸಸ್ಯಾಹಾರವಾಗುತ್ತದೆಂಬ ಭ್ರಮೆ ಕೆಲವು ಮನೆಗಳಲ್ಲಿದೆ. ಸಾರಿನ ತಿಳಿಯನ್ನು ಮಾತ್ರ ಬಡಿಸುವುದೂ ಅದೇ ಜಾತಿಯ ತಪ್ಪು. ಎರಡು ಹಂಡೆ ಇಡುವ ಶಕ್ತಿಯಿದ್ದ ದಿನ ಬಿರಿಯಾನಿ, ಉಳಿದ ದಿನ ಸಾರು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಮಾರ್ಗ.

ಪೂರ್ವಪಕ್ಷ: ಒಂದು ಮೂಲಭೂತ ಆಕ್ಷೇಪವಿದೆ. ಸಸ್ಯಾಹಾರಿ, ಮಾಂಸಾಹಾರಿ ಎಂದು ತಾವು ಎರಡೇ ಪಂಗಡಗಳನ್ನು ಕಲ್ಪಿಸಿಕೊಂಡಿದ್ದೀರಿ. ಮೊಟ್ಟೆ ಮಾತ್ರ ತಿನ್ನುವವರು, ಮೀನು ತಿಂದು ಮಾಂಸ ಬಿಡುವವರು, ಶನಿವಾರ ಮಾತ್ರ ಬಿಡುವವರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು, ಇವರನ್ನೆಲ್ಲ ಎಲ್ಲಿ ಕೂರಿಸುವುದು?

ಉತ್ತರಪಕ್ಷ: ಈ ಆಕ್ಷೇಪ ಪೂರ್ಣವಾಗಿ ಸರಿ, ಮತ್ತು ಯೋಜನೆ ಆರಂಭವಾಗಬೇಕಾದದ್ದೂ ಅಲ್ಲಿಂದಲೇ. ಸಸ್ಯಾಹಾರ ಎಂಬುದು ಒಂದೇ ನಿಯಮವಲ್ಲ. ಜೈನ ಸಂಪ್ರದಾಯವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಗೆಡ್ಡೆಗಳನ್ನು ಬಿಡುತ್ತಾರೆ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುತ್ತಾರೆ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತವೆಂದು ತರಕಾರಿಯನ್ನೂ, ಎರಡನೆಯ ತಿಂಗಳು ದಧಿವ್ರತವೆಂದು ಮೊಸರನ್ನೂ, ಮೂರನೆಯದರಲ್ಲಿ ಕ್ಷೀರವ್ರತವೆಂದು ಹಾಲನ್ನೂ, ನಾಲ್ಕನೆಯದರಲ್ಲಿ ದ್ವಿದಳವ್ರತವೆಂದು ಬೇಳೆಕಾಳುಗಳನ್ನೂ ಬಿಡುತ್ತಾರೆ. ಇನ್ನೊಂದು ಕಡೆ, ಮಾಂಸಾಹಾರವೂ ನಿತ್ಯದ್ದಲ್ಲ. 2014ರ ಮಾದರಿ ನೋಂದಣಿ ಪದ್ಧತಿಯ ಮೂಲ ಸಮೀಕ್ಷೆಯ ಪ್ರಕಾರ ಕರ್ನಾಟಕದ 15 ವರ್ಷ ದಾಟಿದವರಲ್ಲಿ ಸಸ್ಯಾಹಾರಿಗಳು ಸುಮಾರು ಐದನೇ ಒಂದು ಭಾಗ ಮಾತ್ರ. ಆದರೆ ಉಳಿದ ನಾಲ್ಕು ಭಾಗದವರಲ್ಲಿ ಅನೇಕರು ಸೋಮವಾರ, ಶನಿವಾರ, ಶ್ರಾವಣ, ಗೌರಿ ಗಣೇಶ ಹಬ್ಬಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಯುಗಾದಿಯ ಹೋಳಿಗೆಯನ್ನು ಉಂಡ ಮನೆಯೇ ಮರುದಿನ ಹೊಸತೊಡಕಿನ ಬಾಡೂಟ ಮಾಡುತ್ತದೆ. ಹಳೇ ಮೈಸೂರಿನ ಅನೇಕ ಸಮುದಾಯಗಳಲ್ಲಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರಿಗೆ ಇಡುವ ಎಡೆಯಲ್ಲಿ ಬಾಡೂ ಇರುತ್ತದೆ. ಆದ್ದರಿಂದ ಪಂಗಡಗಳನ್ನು ಎಣಿಸುವ ಬದಲು ಪಂಚಾಂಗವನ್ನು ಮುಂದಿಟ್ಟುಕೊಂಡು, ಯಾವ ದಿನ ಯಾರಿಗೆ ಏನು ವರ್ಜ್ಯವೆಂದು ಗುರುತು ಹಾಕುವುದು ಹೆಚ್ಚು ಉಪಯುಕ್ತ. ಹಾಗೆ ಗುರುತಿಸಿದಾಗ ವಾರದಲ್ಲಿ ನಿಜವಾಗಿ ಕವಲೊಡೆಯಬೇಕಾದ ದಿನಗಳು ಎರಡೋ ಮೂರೋ ಉಳಿಯುತ್ತವೆ. ಸಮಸ್ಯೆ ತೋರಿದಷ್ಟು ದೊಡ್ಡದಲ್ಲವೆಂಬುದು ಆಗ ತಿಳಿಯುತ್ತದೆ.

ಪೂರ್ವಪಕ್ಷ: ವರ್ಜ್ಯದ ಪಟ್ಟಿ ಸಾಕೇ, ಅಥವಾ ವರ್ಜಿಸುವ ಕಾರಣವನ್ನೂ ಕೇಳಬೇಕೇ? ಕಾರಣ ಕೇಳುವುದು ಮರ್ಯಾದೆಯಲ್ಲ ಎನ್ನುವವರಿದ್ದಾರೆ.

ಉತ್ತರಪಕ್ಷ: ಹೊರಗಿನವರನ್ನು ಕೇಳುವುದು ಮರ್ಯಾದೆಯಲ್ಲ, ಮನೆಯವರನ್ನು ಕೇಳದಿರುವುದು ಅವಿವೇಕ. ಮಡಿಯ ಕಾರಣಕ್ಕೆ ಮಾಂಸ ಬಿಟ್ಟವರಿಗೆ ಪಾತ್ರೆ, ಸೌಟು, ಸಾಧ್ಯವಾದರೆ ಒಲೆಯೂ ಪ್ರತ್ಯೇಕ ಬೇಕು. ಅಹಿಂಸೆಯ ಕಾರಣಕ್ಕೆ ಬಿಟ್ಟವರಿಗೆ ತೊಳೆದ ಪಾತ್ರೆ ತೊಡಕಲ್ಲ, ಆದರೆ ಕೇಕಿನೊಳಗಿನ ಮೊಟ್ಟೆ, ಮಿಠಾಯಿಯೊಳಗಿನ ಜೆಲಾಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಅಂಟು, ಇವು ತೊಡಕಾಗುತ್ತವೆ. ವಾಸನೆ ಸೇರದೆ ಬಿಟ್ಟವರಿಗೆ ಬೇಕಾದದ್ದು ಕಿಟಕಿ ಮತ್ತು ಮುಚ್ಚಳ. ಕೊಬ್ಬು ಕಡಿಮೆ ಮಾಡಿರೆಂದು ವೈದ್ಯರು ಹೇಳಿದ್ದರಿಂದ ಬಿಟ್ಟವರಿಗೆ, ಮಾಂಸದ ಸಾರಿನ ಬದಲು ಕರಿದ ಬೋಂಡಾ ಬಡಿಸಿದರೆ ವೈದ್ಯರ ಮಾತು ನಡೆದಂತಾಗಲಿಲ್ಲ. ಈ ನಾಲ್ವರನ್ನೂ ಸಸ್ಯಾಹಾರಿ ಎಂಬ ಒಂದೇ ಹೆಸರಿನಡಿ ಇಟ್ಟು ಅಡುಗೆ ಮಾಡಿದರೆ ನಾಲ್ವರಿಗೂ ತೃಪ್ತಿಯಿಲ್ಲ.

ಪೂರ್ವಪಕ್ಷ: ಪ್ರತ್ಯೇಕ ಪಾತ್ರೆಯ ಮಾತು ಬಂದದ್ದರಿಂದ ಕೇಳಲೇಬೇಕು. ಮಾಂಸದ ಪಾತ್ರೆಯನ್ನು ಹಿತ್ತಿಲಲ್ಲಿ ಕವುಚಿಡುವುದು, ಮಾಂಸ ತಿನ್ನುವವರಿಗೆ ಬಾಡಿಗೆ ಮನೆ ನಿರಾಕರಿಸುವುದು, ಇವುಗಳ ಹಿಂದೆ ಇರುವುದು ಶುಚಿತ್ವವಲ್ಲ, ಜಾತಿಯ ಮೇಲುಕೀಳು. ಅದನ್ನೇ ಮನೆಯೊಳಗೆ ತಂದು ಯೋಜನೆಯೆಂದು ಕರೆದರೆ ಅದು ನ್ಯಾಯವೇ?

ಉತ್ತರಪಕ್ಷ: ಇಲ್ಲಿ ಪೂರ್ವಪಕ್ಷದ ಮಾತೇ ಗಟ್ಟಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟವೂ ಇರಲಿ ಎಂಬ ಬೇಡಿಕೆ ಎದ್ದಾಗ ನಾಡಿನಲ್ಲಿ ನಡೆದ ವಾದ ವಿವಾದ, ಸಾರ್ವಜನಿಕ ಪಂಕ್ತಿಯಲ್ಲಿ ಯಾರ ಊಟ ಸಹಜ, ಯಾರ ಊಟಕ್ಕೆ ಅನುಮತಿ ಬೇಕು ಎಂಬ ಪ್ರಶ್ನೆಯೇ ಆಗಿತ್ತು. ಮನೆಯ ಪಂಕ್ತಿಯಲ್ಲೂ ಆ ಪ್ರಶ್ನೆ ಉಂಟು. ಪ್ರತ್ಯೇಕ ಪಾತ್ರೆ ಬೇಕೆಂದು ಕೇಳುವ ಹಕ್ಕು ಸಸ್ಯಾಹಾರಿಗೆ ಇದೆ, ಆದರೆ ಮೂಲೆಗೆ ಹೋಗಬೇಕಾದದ್ದು ಮಾಂಸದ ಪಾತ್ರೆಯೇ ಎನ್ನುವ ಹಕ್ಕಿಲ್ಲ. ಮಡಿ ಬೇಕಾದವರು ತಮ್ಮ ಪಾತ್ರೆಗಳನ್ನು ಬೇರೆ ಕಪಾಟಿನಲ್ಲಿ ಇಟ್ಟುಕೊಂಡರೂ ಅದೇ ಪ್ರತ್ಯೇಕತೆ ಸಿದ್ಧಿಸುತ್ತದೆ, ಯಾರಿಗೂ ಅವಮಾನವಾಗುವುದಿಲ್ಲ.

ಪೂರ್ವಪಕ್ಷ: ಹಾಗಾದರೆ ಶುಚಿತ್ವದ ನಿಯಮಗಳನ್ನೂ ಜಾತಿಯ ಪಳೆಯುಳಿಕೆ ಎಂದು ಬಿಟ್ಟುಬಿಡಬಹುದೇ?

ಉತ್ತರಪಕ್ಷ: ಬಿಡಲಾಗದು, ಏಕೆಂದರೆ ಅವುಗಳಿಗೆ ಬೇರೆ ಆಧಾರವಿದೆ. ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಮೊದಲಾದ ಸೂಕ್ಷ್ಮಜೀವಿಗಳು ಚಾಕು, ಹಲಗೆ, ಕೈಗಳ ಮೂಲಕ ಬೇಯಿಸದೆ ತಿನ್ನುವ ಪದಾರ್ಥಕ್ಕೆ ದಾಟುವುದನ್ನು ಅಡ್ಡಸೋಂಕು ಎನ್ನಬಹುದು; ಇದರಿಂದ ಕಾಯಿಲೆ ಬೀಳುವವರಲ್ಲಿ ಮಾಂಸಾಹಾರಿಗಳೂ ಇರುತ್ತಾರೆ, ಕೋಸಂಬರಿಯನ್ನು ಎಲ್ಲರೂ ತಿನ್ನುತ್ತಾರಲ್ಲ. ಆದ್ದರಿಂದ ಸೌತೆಕಾಯಿ, ಕೊತ್ತಂಬರಿಸೊಪ್ಪು ಮೊದಲು, ಮಾಂಸ ಆಮೇಲೆ ಎಂಬ ಕ್ರಮ, ಹಲಗೆ ಎರಡು, ಫ್ರಿಜ್ಜಿನಲ್ಲಿ ಹಸಿ ಮಾಂಸಕ್ಕೆ ಎಲ್ಲಕ್ಕಿಂತ ಕೆಳಗಿನ ಖಾನೆ, ನೀರು ಸೋರಿದರೂ ಇನ್ನಾವುದರ ಮೇಲೂ ಬೀಳದಂತೆ. ಕೋಳಿಯನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯುವ ರೂಢಿಯಿಂದ ಆ ಹನಿಗಳು ಸುತ್ತಲಿನ ಪಾತ್ರೆಗಳಿಗೆ ಸಿಡಿಯುತ್ತವೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ನೀರಲ್ಲ, ಒಳಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತಲುಪುವ ಬೆಂಕಿ. ಮನೆಗಳಲ್ಲಿ ನಿತ್ಯ ನಡೆಯುವ ತಪ್ಪುಗಳು ಇವುಗಳಿಗಿಂತ ಚಿಕ್ಕವು: ಮೀನು ಕರಿದ ಎಣ್ಣೆಯಲ್ಲೇ ಹಪ್ಪಳ ಕರಿಯುವುದು, ಮತ್ತು ಮಾತಿನ ಭರದಲ್ಲಿ ಒಂದೇ ಸೌಟನ್ನು ಎರಡು ಪಾತ್ರೆಗೂ ಅದ್ದುವುದು. ಎಷ್ಟೋ ಮನೆಗಳಲ್ಲಿ ಸಿದ್ಧಾಂತಭೇದದಿಂದ ಆಗದ ಜಗಳ ಸೌಟಿನಿಂದ ಆಗಿದೆ. ಬೇರೆ ಬಣ್ಣದ ಹಿಡಿಯ ಸೌಟೊಂದನ್ನು ಕೊಂಡರೆ ಅದು ತಪ್ಪುತ್ತದೆ.

ಪೂರ್ವಪಕ್ಷ: ಅಂಗಡಿಯಿಂದ ತರುವ ಪೊಟ್ಟಣಗಳ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ, ಗುರುತು ಇರುತ್ತದೆ.

ಉತ್ತರಪಕ್ಷ: ಭಾರತದಲ್ಲಿ ಇರುತ್ತದೆ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆಯಿತ್ತು, 2020ರ ನಿಯಮಗಳು ಅದನ್ನು ಕಂದು ತ್ರಿಕೋನವಾಗಿ ಬದಲಿಸಿದವು, ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದವರಿಗೂ ಆಕಾರದಿಂದ ವ್ಯತ್ಯಾಸ ತಿಳಿಯುತ್ತದೆ. ಮೊಟ್ಟೆ ಸೇರಿದ ಪದಾರ್ಥಕ್ಕೂ ಕಂದು ಗುರುತೇ. ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸರ್ಕಾರಿ ಗುರುತಿನ ಆಸರೆ ಇಲ್ಲದಿರುವುದರಿಂದ, ಪೊಟ್ಟಣದ ಹಿಂದಿನ ಸಣ್ಣಕ್ಷರದ ಪಟ್ಟಿಯನ್ನು ಓದುವುದು ಅವರ ಯೋಜನೆಯ ಭಾಗವಾಗುತ್ತದೆ.

ಪೂರ್ವಪಕ್ಷ: ಇನ್ನು ಪೋಷಣೆಯ ಮಾತು. ಮಾಂಸ ತಿನ್ನುವವರಿಗೆ ಮಾಂಸದಿಂದ ಸಿಗುವುದು ಸಸ್ಯಾಹಾರಿಗೆ ಅದೇ ಊಟದಲ್ಲಿ ಸಿಗುವುದೇ?

ಉತ್ತರಪಕ್ಷ: ಸಾಮಾನ್ಯ ಮಿಶ್ರಾಹಾರದ ಮನೆಯಲ್ಲಿ ಸಿಗುವುದಿಲ್ಲ, ಮತ್ತು ಈ ಚರ್ಚೆಯಲ್ಲಿ ಅತ್ಯಂತ ಗಂಭೀರವಾದ ಅಂಶ ಇದೇ. ಭಾನುವಾರ ಮಾಂಸ ತಂದ ಮನೆಯಲ್ಲಿ ಅಡುಗೆಯವರ ಗಮನವೆಲ್ಲ ಆ ಪಾತ್ರೆಯ ಮೇಲಿರುತ್ತದೆ. ಸಸ್ಯಾಹಾರಿಗೆ ನಿನ್ನೆಯ ತಿಳಿಸಾರು, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿ. ಹೊಟ್ಟೆ ತುಂಬುತ್ತದೆ, ಆದರೆ ತಟ್ಟೆಯಲ್ಲಿ ಪ್ರೋಟೀನು ಇರುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ಶಿಫಾರಸು ಮಾಡಿದೆ. 60 ಕಿಲೋ ತೂಗುವವರಿಗೆ ಅದು ಸುಮಾರು 50 ಗ್ರಾಂ. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಪ್ರೋಟೀನು ಇರುತ್ತದೆ. ಅಷ್ಟನ್ನೇ ಬೇಳೆಯಿಂದ ಪಡೆಯಬೇಕಾದರೆ ಹಸಿಯಾಗಿ ತೂಗಿದ 90 ಗ್ರಾಂ ಬೇಳೆ ಬೇಕು, ಒಂದು ಹೊತ್ತಿಗೆ ಅದು ಯಾರಿಗೂ ಹೆಚ್ಚೇ. ಹೀಗಾಗಿ ಸಸ್ಯಾಹಾರಿಯ ಪ್ರೋಟೀನನ್ನು ಒಂದು ಬಟ್ಟಲಿಗೆ ಬಿಡದೆ ದಿನದುದ್ದಕ್ಕೂ ಹರಡಬೇಕಾಗುತ್ತದೆ: ಬೆಳಗ್ಗೆ ಹೆಸರುಕಾಳಿನ ಉಸಲಿ, ಮಧ್ಯಾಹ್ನ ಗಟ್ಟಿ ಕಾಳುಸಾರು ಮತ್ತು ಮೊಸರು, ಸಂಜೆ ಹುರಿದ ಶೇಂಗಾ, ರಾತ್ರಿ ಹಾಲು. ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲವನ್ನು ಬೇಳೆಕಾಳು ತುಂಬಿಕೊಡುತ್ತದೆ, ಬೇಳೆಯಲ್ಲಿ ಕೊರತೆಯಿರುವ ಮೆಥಿಯೊನಿನ್ ಎಂಬುದನ್ನು ಧಾನ್ಯ ತುಂಬುತ್ತದೆ. ಮುದ್ದೆಗೆ ಕಾಳುಸಾರು, ರೊಟ್ಟಿಗೆ ಕಾಳುಪಲ್ಯ ಎಂಬ ಹಳೆಯ ಜೋಡಿಗಳು ಈ ಲೆಕ್ಕಕ್ಕೆ ಸರಿಯಾಗಿಯೇ ಇವೆ.

ಪೂರ್ವಪಕ್ಷ: ಪ್ರೋಟೀನು ಸರಿಹೋದರೆ ಎಲ್ಲವೂ ಸರಿಹೋದಂತೆಯೇ?

ಉತ್ತರಪಕ್ಷ: ಎರಡು ಉಳಿಯುತ್ತವೆ. ಮಾಂಸದಲ್ಲಿರುವ ಕಬ್ಬಿಣದ ಒಂದು ಭಾಗ ಹೀಮ್ ಎಂಬ ರೂಪದಲ್ಲಿದ್ದು ದೇಹಕ್ಕೆ ಸುಲಭವಾಗಿ ಸೇರುತ್ತದೆ, ಸೊಪ್ಪು ಕಾಳುಗಳ ಕಬ್ಬಿಣ ಅಷ್ಟು ಸುಲಭವಾಗಿ ಸೇರುವುದಿಲ್ಲ. ಅದಕ್ಕೆ ನಿಂಬೆರಸ ಹಿಂಡುವುದರಿಂದ ಪ್ರಯೋಜನ, ಊಟದ ಬೆನ್ನಿಗೇ ಚಹಾ ಕುಡಿಯುವುದರಿಂದ ನಷ್ಟ. ಎರಡನೆಯದು ಬಿ12 ಜೀವಸತ್ವ. ಇದು ಸಸ್ಯಮೂಲದ ಆಹಾರದಲ್ಲಿ ಇಲ್ಲವೆಂದೇ ಹೇಳಬೇಕು. ಹಾಲು ಮೊಸರನ್ನು ಧಾರಾಳವಾಗಿ ತೆಗೆದುಕೊಳ್ಳುವ ಸಸ್ಯಾಹಾರಿಗೆ ಸ್ವಲ್ಪ ಸಿಗುತ್ತದೆ, ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆಯಿಂದಲೇ ಪಡೆಯಬೇಕು. ಮಾಂಸಾಹಾರಿಯ ತಟ್ಟೆಯ ದೋಷ ಬೇರೆ ಬಗೆಯದು: ಬಾಡೂಟದ ದಿನ ಸೊಪ್ಪು ತರಕಾರಿ ಕಾಣೆಯಾಗುತ್ತವೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು 2000 ಕಿಲೋಕ್ಯಾಲೊರಿಯ ದಿನದೂಟಕ್ಕೆ 400 ಗ್ರಾಂ ತರಕಾರಿಯನ್ನೂ, ಬೇಳೆ, ಮೊಟ್ಟೆ, ಮಾಂಸಗಳನ್ನು ಒಂದೇ ಗುಂಪಾಗಿ ಸೇರಿಸಿ 85 ಗ್ರಾಮನ್ನೂ ಹೇಳುತ್ತದೆ. ಒಂದೇ ಗುಂಪಿನಲ್ಲಿ ಇಟ್ಟಿರುವುದನ್ನು ಯೋಜಕರು ಗಮನಿಸಬೇಕು. ತಟ್ಟೆಯ ಆ ಒಂದು ಜಾಗ ಮಾತ್ರ ಕವಲೊಡೆಯುತ್ತದೆ, ಮಿಕ್ಕ ಜಾಗಗಳೆಲ್ಲ ಎಲ್ಲರಿಗೂ ಸಮಾನ.

ಪೂರ್ವಪಕ್ಷ: ಮಕ್ಕಳು ಯಾವ ಪಕ್ಷ? ತಂದೆಯ ಕಡೆ ಒಂದು, ತಾಯಿಯ ಕಡೆ ಇನ್ನೊಂದು ಇದ್ದಾಗ ಮಗುವಿನ ತಟ್ಟೆ ರಣಾಂಗಣವಾಗುತ್ತದೆ.

ಉತ್ತರಪಕ್ಷ: ರಾಜ್ಯದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಇದಕ್ಕೊಂದು ನಡೆದು ತೋರಿದ ಮಾದರಿಯಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನು ಇಡಲಾಯಿತು. ವಿರೋಧ ಜೋರಾಗಿದ್ದರೂ ಯೋಜನೆ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು, ಚಿಕ್ಕಿಯೂ ಆಯ್ಕೆಯಾಗಿ ಸೇರಿತು. ಒಂದೇ ಸಾಲಿನಲ್ಲಿ ಕುಳಿತ ಮಕ್ಕಳು ಬೇರೆ ಬೇರೆ ವಸ್ತು ಪಡೆದು ಒಟ್ಟಿಗೆ ಉಂಡರು. ಮೊಟ್ಟೆಗೆ ಬಾಳೆಹಣ್ಣು ಪ್ರೋಟೀನಿನ ದೃಷ್ಟಿಯಿಂದ ಸಮವಲ್ಲ ಎಂಬ ಟೀಕೆ ಉಚಿತವೇ, ಮನೆಯಲ್ಲಿ ಆ ತಪ್ಪನ್ನು ಮಾಡಬೇಕಾಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ, ಒಂದು ಹಿಡಿ ಶೇಂಗಾ ಅಥವಾ ಒಂದು ಬಟ್ಟಲು ಗಟ್ಟಿ ಕಾಳುಸಾರು ಅದಕ್ಕೆ ಸರಿದೂಗುತ್ತದೆ. ಮಗು ಎರಡನ್ನೂ ರುಚಿ ನೋಡಲಿ, ಬೆಳೆದ ಮೇಲೆ ಒಂದನ್ನು ಬಿಡಲಿ. ಹಿರಿಯರ ಶೀತಲ ಸಮರಕ್ಕೆ ಅದರ ಹೊಟ್ಟೆಯನ್ನು ಬಳಸಬಾರದು.

ಪೂರ್ವಪಕ್ಷ: ಕೊನೆಯದಾಗಿ ಒಂದು ವಾರದ ರೂಪವನ್ನು ಹೇಳಿದರೆ ಇದೆಲ್ಲ ಆಚರಣೆಗೆ ಬರುವಂಥದ್ದೋ ಅಲ್ಲವೋ ತಿಳಿದೀತು.

ಉತ್ತರಪಕ್ಷ: ಶನಿವಾರ ಅನೇಕರಿಗೆ ವರ್ಜ್ಯವಾದ್ದರಿಂದ ಅಂದು ಎಲ್ಲರಿಗೂ ಬಸ್ಸಾರು, ಅಂದರೆ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿನ ಸಾರು, ಜೊತೆಗೆ ಆ ಸೊಪ್ಪಿನದೇ ಪಲ್ಯ, ರಾತ್ರಿ ಮರುದಿನದ ಕಾಳು ನೆನೆಹಾಕುವುದು. ಭಾನುವಾರ ಖಾರ ರುಬ್ಬಿ, ಮೇಲೆ ಹೇಳಿದಂತೆ ಎರಡು ಪಾತ್ರೆಯ ಸಾರು. ಒಂದಿಷ್ಟು ಖಾರವನ್ನು ಎತ್ತಿ ಫ್ರಿಜ್ಜಿನಲ್ಲಿರಿಸಿದರೆ ಬುಧವಾರಕ್ಕೆ ಒದಗುತ್ತದೆ. ಸೋಮವಾರ ಮತ್ತೆ ಎಲ್ಲರಿಗೂ ಒಂದೇ ಹುಳಿ. ಮಂಗಳವಾರ ಈರುಳ್ಳಿ ಟೊಮೆಟೊ ಗೊಜ್ಜು ಮಾಡಿ, ಸಸ್ಯಾಹಾರಿಗಳ ಪಾಲನ್ನು ಎತ್ತಿಟ್ಟು, ಉಳಿದದ್ದಕ್ಕೆ ಬೇಯಿಸಿದ ಮೊಟ್ಟೆ ಸೀಳಿ ಹಾಕುವುದು. ಕವಲು ಇಷ್ಟು ತಡವಾಗಿ ಬರುವ ಅಡುಗೆ ಇನ್ನೊಂದಿಲ್ಲ. ಬುಧವಾರ ಎತ್ತಿಟ್ಟ ಖಾರದಲ್ಲಿ ಅಣಬೆ ಮತ್ತು ಮೀನು, ಬೇರೆ ಬೇರೆ ಬಾಣಲೆಗಳಲ್ಲಿ. ಗುರುವಾರ, ಶುಕ್ರವಾರ ಮನೆಯ ಪದ್ಧತಿಯಂತೆ.

ಪೂರ್ವಪಕ್ಷ: ಇಷ್ಟಾದರೂ ಭಾನುವಾರ ಒಂದು ಪಾತ್ರೆ ಹೆಚ್ಚೇ ಆಯಿತು. ಬೆಳಗ್ಗೆ ಹೋಗಿ ಒಂದು ಕಿಲೋ ಮಟನ್ ತಂದುಕೊಟ್ಟರೆ ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಭಾವಿಸುವ ಗಂಡಸರ ಮನೆಯಲ್ಲಿ ಆ ಜಿಡ್ಡಿನ ಕುಕ್ಕರನ್ನು ತೊಳೆಯುವವರು ಯಾರು? ಅಡುಗೆ ಮಾಡುವಾಕೆ ಸಸ್ಯಾಹಾರಿಯಾಗಿದ್ದರಂತೂ ಅದು ಕ್ರೌರ್ಯ.

ಉತ್ತರಪಕ್ಷ: ಅದನ್ನು ಯೋಜನೆಯ ಪಟ್ಟಿಯಲ್ಲೇ ಬರೆಯಬೇಕು. ಮಾಂಸ ತಿನ್ನದವರಿಂದ ಮಾಂಸ ತೊಳೆಸುವುದು, ಬೇಯಿಸುವುದು, ಆ ಪಾತ್ರೆ ಉಜ್ಜಿಸುವುದು ಮೂರೂ ಸಲ್ಲದು. ತಂದವರು, ತಿನ್ನುವವರು ಅಡುಗೆ ಕಲಿಯಬೇಕು, ಕಲಿಯುವವರೆಗೆ ಕನಿಷ್ಠ ಆ ಕುಕ್ಕರನ್ನು ತೊಳೆಯಬೇಕು. ಇದನ್ನು ಒಪ್ಪದ ಮನೆಗೆ ಮೇಲಿನ ಯಾವ ಯೋಜನೆಯೂ ಅನ್ವಯಿಸುವುದಿಲ್ಲ.